ಆರ್ಥರನ ಬೆಂಕಿಗೆ ಹೊಳೆನರಸೀಪುರದ ಇಕ್ಕಳ

ಅರಕಲಗೂಡು

ಹೊರದೇಶಕ್ಕೆ ಹೊರಟವರು ಕೋಟು ಹೊಲಿಸಬೇಕು, ಬೂಟು ಕೊಳ್ಳಬೇಕು ಎಂದು ಓಡಾಡುತ್ತಾರೆ. ನಾನು ಮಾತ್ರ ಹೊರಡುವ ಹಿಂದಿನ ತಿಂಗಳು ಪೂರ್ತಿ ಒಂದೇ ಯೋಚನೆಯಲ್ಲಿದ್ದೆ. ಮನೆಯೊಳಗೆ ಒಲೆ ಇಟ್ಟುಕೊಂಡೂ ಅಂಗಳದಲ್ಲಿ ಕೂತು ಮಾಂಸ ಸುಡುವ, ನಾನು ಮುಖವನ್ನೇ ಕಾಣದ ಒಬ್ಬ ಮನುಷ್ಯನಿಗೆ ಏನು ಉಡುಗೊರೆ ಒಯ್ಯುವುದು?

ಆಗ ನಾನು ಅರಕಲಗೂಡಿನ ದನದ ಆಸ್ಪತ್ರೆಯಲ್ಲಿ ಡಾಕ್ಟರು. ಅರವತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕುರಿ ಸಾಕಣೆ ನೋಡಿ ಕಲಿತು ಬಾ ಎಂದು ಸರ್ಕಾರ ನನ್ನನ್ನು ನಾಲ್ಕು ತಿಂಗಳ ಮಟ್ಟಿಗೆ ಆಸ್ಟ್ರೇಲಿಯಾಕ್ಕೆ ಕಳಿಸುತ್ತಿತ್ತು. ನಾನು ಉಳಿಯಬೇಕಾಗಿದ್ದ ಮನೆಯ ಯಜಮಾನಿ ಮೇಬಲ್ ಒಂದು ಕಾಗದ ಬರೆದಿದ್ದಳು. ಹವೆ, ಹಾಸಿಗೆ, ರೈಲಿನ ವಿಷಯವೆಲ್ಲ ಆದಮೇಲೆ ಕೊನೆಗೆ ಹೀಗಿತ್ತು: "ನನ್ನ ಗಂಡ ಆರ್ಥರನಿಗೆ ಇರುವುದು ಒಂದೇ ಹುಚ್ಚು. ಶನಿವಾರ ಬಂದರೆ ಅಂಗಳದಲ್ಲಿ ಬೆಂಕಿ ಹಾಕಿ ಮಾಂಸ ಸುಡುತ್ತಾನೆ. ಒಳಗಿನ ಒಲೆ ನನ್ನದು, ಹೊರಗಿನ ಬೆಂಕಿ ಅವನದು. ಅದರ ಹತ್ತಿರ ಅವನು ಯಾರನ್ನೂ ಬಿಡುವುದಿಲ್ಲ."

ಇದನ್ನು ಆಸ್ಪತ್ರೆಯ ಜವಾನ ರಂಗಯ್ಯನಿಗೆ ಓದಿ ಹೇಳಿದೆ. ಅವನು ಕರುವಿನ ಕಾಲಿಗೆ ಕಟ್ಟುತ್ತಿದ್ದ ಬಟ್ಟೆಯನ್ನು ಅಷ್ಟಕ್ಕೇ ಬಿಟ್ಟು ಎದ್ದು ನಿಂತ.

"ಸಾವ್ರಾರು ಕುರಿ ಮಡಗವ್ನೆ ಅಂತೀರಿ ಸಾ. ಅಂತೋನು ಅಂಗಳದಲ್ಲಿ ಕುಂತ್ಕಂಡು ತಾನೇ ಬಾಡು ಸುಟ್ಕಂಡು ತಿಂತಾನಾ? ಎಡ್ತಿ ಒಳಿಕೆ ಸೇರ್ಸಾಕಿಲ್ವೇನೋ. ನಂಗ್ಯಾಕೋ ಅನುಮಾನ."

"ಅವರಲ್ಲಿ ಅದು ಆಟ ಇದ್ದ ಹಾಗಂತೆ ರಂಗಯ್ಯ."

"ಬೆಂಕಿ ಮುಂದೆ ಕುಂತ್ಕಳಾದು ಆಟವಾ?" ಎಂದು ಅವನು ನಕ್ಕ.

ಅವನ ಮಾತು ತಳ್ಳಿಹಾಕುವಂಥದ್ದಲ್ಲ. ನಮ್ಮಲ್ಲೂ ಮಾಂಸವನ್ನು ಕೆಂಡಕ್ಕೆ ಹಾಕುತ್ತೇವೆ. ಕುರಿ ಕೊಯ್ದ ದಿನ ತಲೆಕಾಲು ಸುಡುವುದಿದೆ. ಸುತ್ತ ಕಾದು ಕೂತ ಮಕ್ಕಳ ಕೈಗೆ ಕೆಂಡದ ಮೇಲೆ ಬಾಡಿಸಿದ ಈಲಿಯ, ಅಂದರೆ ಯಕೃತ್ತಿನ, ಚೂರು ಬೀಳುವುದಿದೆ. ಆದರೆ ಅದು ಕೆಲಸ. ಕಣ್ಣುರಿ, ಕೂದಲು ಸುಟ್ಟ ವಾಸನೆ, ಬೇಗ ಮುಗಿಸಿ ಕೈ ತೊಳೆದರೆ ಸಾಕು ಎನ್ನುವ ಕೆಲಸ. ಅದನ್ನೇ ವಾರವಿಡೀ ಕಾದು ಸಂತೋಷದಿಂದ ಮಾಡುವ ಮನುಷ್ಯನನ್ನು ನಂಬುವುದು ಹೇಗೆ?

"ಏನಾರ ಕೊಡ್ಲೇಬೇಕು ಅಂದ್ರೆ ಬೆಂಕಿ ಸಾಮಾನೇ ಕೊಡಿ ಸಾ. ಅಂತೋನ್ಗೆ ಶಾಲು ಒದ್ಸಿ ಏನ್ ಮಾಡೀರಿ, ಕಿಡಿ ಆರಿ ತೂತ ಬೀಳ್ತದೆ," ಎಂದ ರಂಗಯ್ಯ. ನನಗೆ ಸಿಕ್ಕ ಸಲಹೆಗಳಲ್ಲಿ ಇದೇ ಮೊದಲನೆಯದು. ಈಗ ಯೋಚಿಸಿದರೆ ಇದೇ ಒಳ್ಳೆಯದು.

ಹೊಳೆನರಸೀಪುರ

ನನ್ನ ಹೆಂಡತಿಯ ತವರು ಹೊಳೆನರಸೀಪುರ. ಅಲ್ಲಿ ಹೊಳೆಯ ಕಡೆಗೆ ಇಳಿಯುವ ದಾರಿಯಲ್ಲಿ ಕರಿಯಾಚಾರಿಯ ಕುಲುಮೆ. ಬೆಂಕಿಗೆ ಬೇಕಾದ್ದೇನು ಎಂಬುದು ಬೆಂಕಿಯಲ್ಲೇ ಬದುಕುವವನಿಗೆ ಗೊತ್ತಿರಬೇಕೆಂದು ಅವನ ಬಳಿ ಹೋದೆ. ನನ್ನ ಮಾತೆಲ್ಲ ಕೇಳಿ ಅವನು ತಿದಿ ಒತ್ತುವುದನ್ನು ನಿಲ್ಲಿಸಿದ.

"ಸುಡಾದು ಕುರೀನೋ, ಇಲ್ಲಾ ಬ್ಯಾರೆದೋ?"

"ಅದು ನನಗೂ ಗೊತ್ತಿಲ್ಲ ಆಚಾರ್ರೇ."

"ಗೊತ್ತಿಲ್ದೆ ಎಂಗೆ ಮಾಡ್ಕೊಡ್ಲಿ? ನಾಳೆ ನನ್ನ ಕೈಯಿಂದ ಓದ ಇಕ್ಕಳ ಅಲ್ಲಿ ಏನ್ ಮುಟ್ಟತದೋ ಏನ್ ಬಿಡತದೋ."

ಕೊನೆಗೆ ಅವನೇ, "ಕುರಿ ಡಾಕ್ಟ್ರು ಓಯ್ತಾ ಇರಾದು, ಕುರಿಗೇ ಅಂದ್ಕತೀನಿ ಬುಡಿ," ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡು ಎದ್ದ. ಈಗ ಅನುಮಾನ ಪಡುವ ಸರದಿ ನನ್ನದು. ಅವನು ಮೂಲೆಯಿಂದ ಎಳೆದದ್ದು ತುಕ್ಕು ಹಿಡಿದ, ಹಳೆಯ ಗಾಡಿ ಚಕ್ರದ ಕಬ್ಬಿಣದ ಪಟ್ಟಿ.

"ಹಳೇದು ಹಾಕ್ತಾ ಇದೀರಲ್ಲ?"

"ಇಪ್ಪತ್ ವರ್ಸ ಕಲ್ಲ್ ಮೇಲೆ ಉಳ್ಳೈತೆ ಈ ಪಟ್ಟಿ. ಪ್ಯಾಟೆ ಕಬ್ಣ ಇನ್ನಾ ಮನೆ ಬಿಟ್ಟು ಈಚೆಗೇ ಬಂದಿಲ್ಲ. ಯಾವ್ದು ನಂಬ್ತೀರಿ?"

ಸಂಜೆಯ ಹೊತ್ತಿಗೆ ಮೊಳಕೈವರೆಗೆ ಬರುವಷ್ಟು ಉದ್ದದ ಒಂದು ಇಕ್ಕಳವೂ ಎರಡು ಸಲಾಕೆಯೂ ಸಿದ್ಧವಾಗಿದ್ದವು. ಇಕ್ಕಳದ ತುದಿ ಕೊಕ್ಕರೆಯ ಕೊಕ್ಕಿನಂತೆ ಸಣ್ಣಗೆ ಇತ್ತು. ಮಾಂಸ ಹಿಡಿಯಲು ಇಷ್ಟು ಸಣ್ಣ ತುದಿ ಯಾಕೆಂದು ಕೇಳಿದೆ. "ದಪ್ಪ ತುದೀಲಿ ದಪ್ಪದ್ದೇ ಇಡೀಬೋದು. ಸಣ್ಣ ತುದೀಲಿ ಎರಡೂ ಇಡೀಬೋದು," ಎಂದ.

ಚನ್ನರಾಯಪಟ್ಟಣ

ಚನ್ನರಾಯಪಟ್ಟಣದಲ್ಲಿ ನನ್ನ ಅಕ್ಕ ಕೆಂಪಮ್ಮ ಇದ್ದಳು. ತಾಯಿ ತೀರಿಕೊಂಡ ಮೇಲೆ ನನ್ನನ್ನು ಬೆಳೆಸಿದವಳು. ಉಡುಗೊರೆಯ ವಿಷಯ ಕೇಳಿದ ಕೂಡಲೇ ಮೆಣಸಿನಕಾಯಿ, ಕೊತ್ತಂಬರಿ ಬೀಜ, ಚಕ್ಕೆ, ಲವಂಗ ಹುರಿದು ಕುಟ್ಟಿ ಒಂದು ಡಬ್ಬ ತುಂಬ ಬಾಡಿನ ಪುಡಿ ಮಾಡಿದಳು. ತನ್ನ ಅಡುಗೆಮನೆಯ ಹಿತ್ತಾಳೆ ಊದುಕೊಳವೆಯನ್ನು ಹುಣಿಸೆಹಣ್ಣಿನಲ್ಲಿ ಬೆಳಗಿ ಅದನ್ನೂ ಕೊಟ್ಟಳು.

"ಬೆಂಕಿ ಮಾಡೋ ಗಂಡಸ್ಗೆ ಊದುಕೊಳ್ವೆ ಇಲ್ದೆ ಎಂಗ್ಲಾ? ತಗಂಡೋಗು. ನಾ ಬ್ಯಾರೆ ತಕತೀನಿ."

ಡಬ್ಬದ ಬಾಯಿಗೆ ಬಟ್ಟೆ ಬಿಗಿಯುತ್ತ ಅವಳು ನನ್ನ ಮುಖ ನೋಡದೆ ಕೇಳಿದಳು: "ಅಲ್ಲಿ ದನದ್ದು ತಿಂತಾರಂತೆ?"

"ತಿಂತಾರೆ ಅಕ್ಕ. ನಾನು ತಿನ್ನಲ್ಲ."

"ಬಾಡು ಅಂತ ಇಕ್ಕುದ್ರೆ ಯಾವ್ದು ಅಂತ ಕೇಳು. ಕೇಳಾಕೆ ನಾಚ್ಕಬ್ಯಾಡ. ಕೇಳುದ್ಮೇಲೂ ನಂಬ್ಬ್ಯಾಡ."

"ಕೇಳಿದ ಮೇಲೂ ನಂಬಬಾರದು ಅಂದರೆ ಕೇಳುವುದು ಯಾಕಕ್ಕ?"

"ಬಾಡು ಮೂಳೆ ನೋಡುದ್ರೆ ನಿಂಗೇ ತಿಳೀತದೆ. ಅದಕ್ಕಾಕೋ ಎಣ್ಣೆ, ಕೊಬ್ಬು? ಅದ್ಯಾವ್ದು ಅಂತ ಎಂಗ್ ತಿಳ್ಕತೀಯ್ಲಾ, ಡಾಕ್ಟ್ರಪ್ಪ?"

ಓದಿಲ್ಲದ ಅಕ್ಕ ಪಶುವೈದ್ಯನಾದ ತಮ್ಮನಿಗೆ ಇಟ್ಟ ಈ ಪ್ರಶ್ನೆ ಹಡಗಿನಲ್ಲಿ ನನ್ನ ಪೆಟ್ಟಿಗೆಗಿಂತ ಭಾರವಾಗಿ ಬಂತು.

ಹಾಸನ

ಹಾಸನದಲ್ಲಿ ನನ್ನ ಮೇಲಧಿಕಾರಿಗಳು ಒಂದು ಗಂಧದ ಆನೆ ಕೈಗಿಟ್ಟರು. "ಯಾರಿಗೆ ಏನು ಕೊಡಬೇಕೆಂದು ಗೊತ್ತಾಗದಿದ್ದಾಗ ಆನೆ ಕೊಡಬೇಕು," ಎಂದರು. ಆಮೇಲೆ ದನಿ ತಗ್ಗಿಸಿ, ನಿನ್ನ ಬಗ್ಗೆ ಆರ್ಥರ್ ಬರೆದುಕೊಡುವ ವರದಿ ನೇರ ಬೆಂಗಳೂರಿಗೆ ಬರುತ್ತದೆ, ಅದರಲ್ಲಿ ಒಂದು ಕೆಟ್ಟ ಸಾಲು ಇದ್ದರೆ ನಮ್ಮ ಜಿಲ್ಲೆಯಿಂದ ಇನ್ನೊಬ್ಬನನ್ನು ಕಳಿಸುವುದಿಲ್ಲ ಎಂದರು. ಬಸ್ ಸ್ಟ್ಯಾಂಡಿನ ಬಳಿ ತಾಳೆಗರಿಯ ಒಂದು ಬೀಸಣಿಗೆ ಕಂಡಿತು. ಬೆಂಕಿಗೆ ಗಾಳಿ ಹಾಕಲು ಇದೂ ಇರಲಿ ಎಂದು ತೆಗೆದುಕೊಂಡು ರೈಲು ಹತ್ತಿದೆ.

ಬಂದರು

ಫ್ರೀಮ್ಯಾಂಟಲ್ ಬಂದರಿನಲ್ಲಿ ಇಳಿದವರನ್ನು ಸಾಲಾಗಿ ನಿಲ್ಲಿಸಿ ಪೆಟ್ಟಿಗೆ ಬಿಚ್ಚಿಸಿದರು. ಹೊರದೇಶದ ರೋಗ ತಮ್ಮ ಕುರಿಗೂ ಗೋಧಿಗೂ ಅಂಟೀತೆಂದು ಆ ದೇಶದವರಿಗೆ ವಿಪರೀತ ಭಯ. ನಮ್ಮೂರಿನಲ್ಲಿ ಬಾಣಂತಿ ಮನೆಗೆ ಹೊರಗಿನವರನ್ನು ಬಿಡುವಾಗಲೂ ಇಷ್ಟು ನೋಡುವುದಿಲ್ಲ. ನನ್ನ ಪಾಲಿಗೆ ಬಂದದ್ದು ಕೆಂಪು ಮೀಸೆಯ ಒಬ್ಬ ಅಧಿಕಾರಿ. ಅವನು ಮೊದಲು ಊದುಕೊಳವೆ ಎತ್ತಿ ಒಂದು ಕಣ್ಣು ಮುಚ್ಚಿ ಅದರೊಳಗಿಂದ ನನ್ನನ್ನು ನೋಡಿದ.

"ಇದು ಯಾತಕ್ಕೆ?"

"ಊದಲು."

"ಏನನ್ನು?"

"ಬೆಂಕಿಯನ್ನು."

"ಅದಕ್ಕೆ ನಿಮಗೆ ಬಾಯಿಲ್ಲವೆ?"

ಇಕ್ಕಳ, ಸಲಾಕೆ ನೋಡಿದ ಮೇಲೆ ಇನ್ನೊಬ್ಬ ಅಧಿಕಾರಿಯನ್ನು ಕರೆದ. ಇಬ್ಬರೂ ಅವನ್ನು ಮೇಜಿನ ಮೇಲೆ ಜೋಡಿಸಿ ಒಮ್ಮೆ ಅವುಗಳನ್ನೂ ಒಮ್ಮೆ ನನ್ನ ಮುಖವನ್ನೂ ನೋಡಿದರು. ನಾನು ಕುರಿಗಳ ಡಾಕ್ಟರೆಂದು ಹೇಳಿದೆ. ಕುರಿಗೆ ಇದರಿಂದ ಏನು ಚಿಕಿತ್ಸೆ ಮಾಡುತ್ತೀರಿ ಎಂದು ಮೀಸೆಯವನು ಕೇಳಿದ. ಆನೆಯ ಹೊಟ್ಟೆಯನ್ನು ತಟ್ಟಿ, ಕಿವಿಯ ಹತ್ತಿರ ಹಿಡಿದು, ಒಳಗೆ ಹುಳುವಿಲ್ಲವೆಂದು ಖಚಿತ ಮಾಡಿಕೊಂಡ. ಬೀಸಣಿಗೆ ಮಾತ್ರ ಪಾರಾಗಲಿಲ್ಲ. ಒಣ ಎಲೆ ಒಳಗೆ ಬರುವಂತಿಲ್ಲ ಎಂದು ಕಿತ್ತುಕೊಂಡು, ಸುಟ್ಟುಹಾಕುತ್ತೇವೆ ಎಂದು ರಸೀತಿ ಕೊಟ್ಟ.

ಕೊನೆಗೆ ಅಕ್ಕನ ಡಬ್ಬ. ಬೇಡವೆಂದು ನಾನು ಹೇಳುವ ಮೊದಲೇ ಅವನು ಬೆರಳು ಅದ್ದಿ ನಾಲಿಗೆಗೆ ಇಟ್ಟ. ಮೀಸೆ ಒಂದು ಕ್ಷಣ ಅಲುಗಲಿಲ್ಲ. ಆಮೇಲೆ ಕಣ್ಣಿನಲ್ಲಿ ನೀರು ಬಂತು. "ಇದರಲ್ಲಿ ಯಾವ ಹುಳುವೂ ಬದುಕುವುದಿಲ್ಲ," ಎಂದು ಕೆಮ್ಮುತ್ತ ಡಬ್ಬ ಮುಚ್ಚಿ ಕೊಟ್ಟ.

ಆರ್ಥರನ ಅಂಗಳ

ಪರ್ತ್‌ನಿಂದ ರೈಲಿನಲ್ಲಿ ಒಂದು ಹಗಲು ಪೂರ್ತಿ ಒಳನಾಡಿಗೆ ಹೋದರೆ ಆರ್ಥರನ ಹೊಲ. ಹೊಲ ಎಂದರೆ ನಮ್ಮ ಒಂದು ಹೋಬಳಿ. ದಂಡಿಗನಹಳ್ಳಿ ಹೋಬಳಿಯಿಂದ ಊರುಗಳನ್ನೆಲ್ಲ ಎತ್ತಿ ಬೇರೆ ಕಡೆ ಇಟ್ಟು, ಕುರಿ ಬಿಟ್ಟು, ಸುತ್ತ ತಂತಿ ಎಳೆದ ಹಾಗೆ. ನಡುವೆ ತಗಡಿನ ಸೂರಿನ ಒಂದೇ ಮನೆ. ಆರ್ಥರ್ ಎತ್ತರದ, ಮಾತು ಕಡಿಮೆಯ, ಬಿಸಿಲಿಗೆ ಕತ್ತು ಇಟ್ಟಿಗೆಯ ಬಣ್ಣಕ್ಕೆ ತಿರುಗಿದ ಮನುಷ್ಯ. ಮೇಬಲ್ ಅವನ ಪಾಲಿನದ್ದನ್ನೂ ಸೇರಿಸಿ ಮಾತಾಡುವವಳು. ಅವರ ಕುರಿ ಕಾಯುವ ನಾಯಿಯ ಹೆಸರು ರಸ್ಟಿ.

ಬಂದ ದಿನವೇ ಆರ್ಥರ್ ನನಗೆ ಒಂದು ನಿಯಮ ಹೇಳಿದ. "ಇದು ಮುದ್ದಿನ ನಾಯಿಯಲ್ಲ, ಕೆಲಸದ ಆಳು. ಊಟ ನಾನು ಹಾಕುತ್ತೇನೆ. ಮೇಜಿನಿಂದ ಯಾರೂ ಏನೂ ಹಾಕಬಾರದು. ಬೆಂದ ಮೂಳೆಯಂತೂ ಬೇಡವೇ ಬೇಡ." ಬೆಂದ ಮೂಳೆ ಒಡೆದು ಚುಚ್ಚುತ್ತದೆಂದು ನಾನೇ ಎಷ್ಟೋ ಜನರಿಗೆ ಹೇಳಿದವನು. ತಲೆಯಾಡಿಸಿದೆ.

ಉಡುಗೊರೆಗಳನ್ನು ಅವನು ಒಂದೊಂದಾಗಿ ತಿರುಗಿಸಿ ನೋಡಿದ. ಆನೆಯನ್ನು ಮೇಬಲ್ ರೇಡಿಯೋ ಮೇಲೆ ಇಟ್ಟಳು. ಪುಡಿಯನ್ನು ದೂರದಿಂದ ಮೂಸಿ "ಇನ್ನೊಮ್ಮೆ ನೋಡೋಣ" ಎಂದು ಅಟ್ಟದ ಮೇಲಿಟ್ಟ. ಇಕ್ಕಳವನ್ನೂ ಸಲಾಕೆಯನ್ನೂ ಷೆಡ್ಡಿನ ಗೋಡೆಗೆ ನೇತುಹಾಕಿದ. ಅವನ ಬಳಿ ಬೇಲಿ ತಂತಿ ತಿರುಚಿ ಮಾಡಿಕೊಂಡ ತನ್ನದೇ ಒಂದು ಇಕ್ಕಳ ಇತ್ತು. ಬೆಂಕಿ ಮಾಡುವವನಿಗೆ ತನ್ನ ಇಕ್ಕಳದ ಮೇಲೆ, ಕ್ಷೌರಿಕನಿಗೆ ತನ್ನ ಕತ್ತಿಯ ಮೇಲೆ ಇರುವಷ್ಟೇ ಮೋಹ. ಇಂಥವನಿಗೆ ಇಕ್ಕಳ ತಂದದ್ದೇ ತಪ್ಪಾಯಿತೇನೋ ಅನ್ನಿಸಿತು.

ಅವನ ಮನಸ್ಸಿಗೆ ಹಿಡಿದದ್ದು ಊದುಕೊಳವೆ. ಮೊದಲ ಸಲ ಅದನ್ನು ಬಾಯಿಗಿಟ್ಟು, ಚುಟ್ಟಾ ಸೇದುವವನಂತೆ ಒಳಕ್ಕೆ ಎಳೆದುಬಿಟ್ಟ. ಬೂದಿ ಗಂಟಲಿಗೆ ಹೋಗಿ ಅರ್ಧ ಗಂಟೆ ಕೆಮ್ಮಿದ. ಇದನ್ನು ನಾನು ಬೇಕೆಂದೇ ಮಾಡಿಸಿದೆನೋ ಎನ್ನುವಂತೆ ನನ್ನನ್ನು ನೋಡಿದ. ಆದರೆ ಎರಡು ದಿನ ಬಿಟ್ಟು ಬೆಳಿಗ್ಗೆ ನಾನು ಏಳುವ ಹೊತ್ತಿಗೆ, ಬಿಸಿನೀರಿನ ಒಲೆಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಕೆನ್ನೆ ಉಬ್ಬಿಸಿ ಊದುತ್ತಿದ್ದ. ನನ್ನ ಅಕ್ಕ ಕೂತಂತೆಯೇ ಇತ್ತು.

ಮೊದಲ ಶನಿವಾರ ಬಂತು. ಇದಕ್ಕೆ ಅವರು ಬಾರ್ಬೆಕ್ಯೂ ಎನ್ನುತ್ತಾರೆ. ಟ್ರ್ಯಾಕ್ಟರ್ ನೇಗಿಲಿನ ಸವೆದ ಉಕ್ಕಿನ ತಟ್ಟೆಯೊಂದನ್ನು ಕಲ್ಲುಗಳ ಮೇಲೆ ಇಟ್ಟು ಕೆಳಗೆ ಕೆಂಡ ಮಾಡಿದ್ದ. ನೋಡಲು ನಮ್ಮ ರೊಟ್ಟಿ ಹಂಚಿನ ಅಣ್ಣ. ಪಕ್ಕದ ಹೊಲದ ಬಿಲ್ ಎಂಬಾತ ಹೆಂಡತಿಯೊಡನೆ ಬಂದ. ಗಂಡಸರೆಲ್ಲ ಬೆಂಕಿಯ ಸುತ್ತ ನಿಂತರು, ಹೆಂಗಸರು ಕುರ್ಚಿಯಲ್ಲಿ ಕೂತರು. ನಮ್ಮಲ್ಲಿ ಗಂಡಸರು ಸೌಟು ಹಿಡಿಯುವುದು ಮದುವೆ ತಿಥಿಗಳಲ್ಲಿ ಮಾತ್ರ. ಇಲ್ಲಿ ಮದುವೆಯೂ ಇಲ್ಲ, ತಿಥಿಯೂ ಇಲ್ಲ.

ಆರ್ಥರ್ ಒಂದು ಡಬ್ಬದಿಂದ ಬಿಳಿಯ ಕೊಬ್ಬು ತೆಗೆದು ಕಾದ ತಟ್ಟೆಗೆ ಸವರಿದ. ಅಕ್ಕನ ಮಾತು ಕಿವಿಯಲ್ಲಿ ಕೇಳಿಸಿತು. ತಟ್ಟೆಯ ಮೇಲೆ ದನದ ಮಾಂಸದ ದೊಡ್ಡ ಹೋಳುಗಳು ಬಿದ್ದವು. ಆಗ ನನ್ನ ಕಣ್ಣಿಗೆ ಬಿದ್ದದ್ದು, ಅಲ್ಲಿಂದ ಎರಡು ಮಾರು ದೂರದಲ್ಲಿ ಇನ್ನೊಂದು ಸಣ್ಣ ತಟ್ಟೆ, ಅದಕ್ಕೇ ಬೇರೆ ಕೆಂಡ. ಅದರ ಮೇಲೆ ಎರಡೇ ತುಂಡು ಕುರಿಯ ಚಾಪ್ಸ್, ಮೂಳೆ ಸಮೇತ ಕೊಯ್ದ ಪಕ್ಕೆಯ ಮಾಂಸ. ಬೆಂದ ಮೇಲೆ ಮೇಬಲ್ ಅವನ್ನು ನನ್ನ ತಟ್ಟೆಗೆ ಹಾಕಿದಳು. ಬೇರೆ ಯಾರಿಗೂ ಅದರಿಂದ ಬಡಿಸಲಿಲ್ಲ.

ಮೂಳೆ ನೋಡಿದರೆ ಕುರಿಯದೇ. ಆದರೆ ಯಾವ ಕೊಬ್ಬಿನಲ್ಲಿ ಬೆಂದದ್ದು? ಅದಕ್ಕಿಂತ ಹೆಚ್ಚಾಗಿ ಆ ಸಣ್ಣ ತಟ್ಟೆ ನನ್ನನ್ನು ಚುಚ್ಚಿತು. ಆ ವಾರ ಪೇಟೆಯಲ್ಲಿ ಅಂಗಡಿಯವನು ನನ್ನ ಹಿಂದೆ ಬಂದವರಿಗೆಲ್ಲ ಸಾಮಾನು ಕೊಟ್ಟು ಕೊನೆಗೆ ನನ್ನ ಕಡೆ ತಿರುಗಿದ್ದ. ನನ್ನ ಬಣ್ಣ ಇವರ ಬಣ್ಣವಲ್ಲ. ನಮ್ಮ ಮನೆಯ ಹಿತ್ತಲಿನಲ್ಲಿ, ಕೂಲಿಗೆ ಬರುವವರಿಗೆಂದು ಬೇಲಿಯ ಗೂಟಕ್ಕೆ ಮಗುಚಿ ಹಾಕಿದ ಒಂದು ಲೋಟ ಇರುತ್ತಿತ್ತು. ಅದರಲ್ಲಿ ಕುಡಿದವರು ತಾವೇ ತೊಳೆದು ಅಲ್ಲೇ ಮಗುಚುತ್ತಿದ್ದರು. ಹುಟ್ಟಿದಾಗಿನಿಂದ ಆ ಲೋಟ ನೋಡಿದ್ದೆ. ಅದು ಯಾರ ಎದೆಯಲ್ಲಿ ಏನು ಮಾಡುತ್ತದೆ ಎಂದು ಯೋಚಿಸಿರಲಿಲ್ಲ. ಆ ಸಂಜೆ ಯೋಚಿಸಿದೆ.

ಕೇಳಬಹುದಾಗಿತ್ತು. ಕೇಳಲಿಲ್ಲ. ವರದಿಯ ಭಯ ಒಂದು, ನಾಚಿಕೆ ಇನ್ನೊಂದು. ಎಲ್ಲರೂ ನಗುವಿನಲ್ಲಿದ್ದಾಗ ನಾನು ಬ್ರೆಡ್ಡು, ಆಲೂಗಡ್ಡೆ ತಿಂದು, ನಿಯಮ ಗೊತ್ತಿದ್ದೂ ಚಾಪ್ಸನ್ನು ಮೇಜಿನ ಕೆಳಗೆ ಇಳಿಬಿಟ್ಟೆ. ರಸ್ಟಿ ಸದ್ದಿಲ್ಲದೆ ಬಂದು ತೆಗೆದುಕೊಂಡು ಕತ್ತಲಿಗೆ ಹೋಯಿತು. ಎರಡನೆಯ ಶನಿವಾರ ಹಾಗೇ ಆಯಿತು. ಮೂರನೆಯದಕ್ಕೆ ನಾಯಿ ನಾನು ಕೂರುವ ಮೊದಲೇ ನನ್ನ ಕುರ್ಚಿಯ ಕೆಳಗೆ ಸೇರಿಕೊಂಡಿತ್ತು.

ಆ ಮೂರನೆಯ ಶನಿವಾರ ಆರ್ಥರ್ ಧೈರ್ಯ ಮಾಡಿ ಅಕ್ಕನ ಪುಡಿಯ ಡಬ್ಬ ತೆರೆದ. ಚಿಟಿಕೆ ಹಾಕು ಎಂದೆ. ಅವನ ಅಂಗೈಯೇ ಅವನಿಗೆ ಚಿಟಿಕೆ. ಬಿಲ್ ಎರಡು ತುತ್ತು ತಿಂದು ಎದ್ದು ಹೋಗಿ ನೀರಿನ ತೊಟ್ಟಿಗೆ ಬಾಯಿ ಹಚ್ಚಿದ.

ಭಾನುವಾರ

ಮಾರನೆಯ ಬೆಳಿಗ್ಗೆ ಮೇಬಲಳ ಕೂಗು ಕೇಳಿ ಹೊರಗೆ ಓಡಿದೆ. ರಸ್ಟಿ ಷೆಡ್ಡಿನ ಮುಂದೆ ನಿಂತಿತ್ತು. ದವಡೆ ಜೋತುಬಿದ್ದಿತ್ತು. ಬಾಯಿಂದ ಜೊಲ್ಲು ಎಳೆಎಳೆಯಾಗಿ ಸುರಿಯುತ್ತಿತ್ತು. ಮುಂಗಾಲಿನಿಂದ ಮುಖ ಕೆರೆದುಕೊಳ್ಳುತ್ತ, ಹಿಂದಕ್ಕೆ ಮುಂದಕ್ಕೆ ತೂರಾಡುತ್ತಿತ್ತು.

ನಾನು ದೂರದಲ್ಲೇ ನಿಂತೆ. ಹಾಸನ ಜಿಲ್ಲೆಯಲ್ಲಿ ಕೆಲಸ ಮಾಡಿದ ಯಾವ ದನದ ಡಾಕ್ಟರಿಗಾದರೂ ಆ ನೋಟ ಕಂಡರೆ ಒಂದೇ ಮಾತು ಬಾಯಿಗೆ ಬರುತ್ತದೆ: ಹುಚ್ಚುನಾಯಿ.

ಆರ್ಥರ್ ನನ್ನ ಕಡೆ ತಿರುಗಿದ. "ನಿನ್ನ ಪುಡಿಯಲ್ಲಿ ಏನಿತ್ತು?"

"ಮೆಣಸಿನಕಾಯಿ, ಕೊತ್ತಂಬರಿ ಬೀಜ, ಚಕ್ಕೆ, ಲವಂಗ."

"ಇನ್ನೇನಿತ್ತು? ನಿನ್ನೆ ಡಬ್ಬ ಇಲ್ಲೇ ಹೊರಗೆ ಇತ್ತು. ಇವನು ನೆಕ್ಕಿದ್ದಾನೆ."

ನಾನು ಒಳಗೆ ಹೋಗಿ ಡಬ್ಬ ತಂದು, ಅವನ ಎದುರಿಗೇ ಒಂದು ಚಮಚ ಪುಡಿ ಬಾಯಿಗೆ ಹಾಕಿಕೊಂಡೆ. ಕಣ್ಣು ಮೂಗೆಲ್ಲ ಉರಿಯಿತು. ದೊಡ್ಡ ಸಾಕ್ಷಿ ಕೊಟ್ಟೆನೆಂದುಕೊಂಡೆ. ಅವನು ತಣ್ಣಗೆ, "ನೀನು ಹುಟ್ಟಿದಾಗಿನಿಂದ ತಿನ್ನುತ್ತಿದ್ದೀಯ. ನಾಯಿ ತಿಂದಿಲ್ಲ," ಎಂದ.

ಅಲ್ಲಿಯ ಪಶುವೈದ್ಯ ಬಹುದೂರದ ಒಂದು ಹೊಲಕ್ಕೆ ಹೋಗಿದ್ದ, ಸಂಜೆಗೆ ಬರಬಹುದು ಎಂದು ಟೆಲಿಫೋನಿನಲ್ಲಿ ತಿಳಿಯಿತು. ಆರ್ಥರ್ ಒಳಗಿನಿಂದ ಬಂದೂಕು ತಂದು ಗೋಡೆಗೆ ಒರಗಿಸಿದ. "ಮಧ್ಯಾಹ್ನದವರೆಗೆ ನೋಡುತ್ತೇನೆ. ಅದಕ್ಕಿಂತ ಹೆಚ್ಚು ನರಳಲು ಬಿಡುವುದಿಲ್ಲ." ಆಮೇಲೆ ನನ್ನನ್ನು ನೋಡದೆ, "ನಾಳೆ ಪರ್ತ್‌ನ ಕಚೇರಿಗೆ ಬರೆಯುತ್ತೇನೆ. ನಿನಗೆ ಬೇರೆ ಮನೆ ನೋಡಲಿ," ಎಂದ.

ನಾನು ಹತ್ತು ಹೆಜ್ಜೆ ದೂರದಲ್ಲಿ ಕೂತು ನಾಯಿಯನ್ನೇ ನೋಡಿದೆ. ಆ ದೇಶದಲ್ಲಿ ಹುಚ್ಚುನಾಯಿ ರೋಗ ಇಲ್ಲ ಎಂದು ಪುಸ್ತಕದಲ್ಲಿ ಓದಿದ್ದೆ. ಹಾಗಾದರೆ ಬಾಯಲ್ಲಿ ಏನೋ ಸಿಕ್ಕಿಕೊಂಡಿರಬೇಕು, ನಾನು ಹಾಕಿದ ಮೂಳೆಯೇ ಇರಬಹುದು. ನಾಯಿ ಕೆರೆಯುತ್ತಿದ್ದದ್ದು ಎರಡೂ ಕಡೆಯ ದವಡೆಯನ್ನು. ಆದರೆ ದಂಡಿಗನಹಳ್ಳಿಯ ಕಡೆಯ ಒಬ್ಬ ರೈತ ನೆನಪಿಗೆ ಬಂದ. ತನ್ನ ನಾಯಿಯ ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ಬರಿಗೈ ಹಾಕಿ ಹುಡುಕಿದ್ದ. ಮೂಳೆ ಇರಲಿಲ್ಲ. ಎರಡು ತಿಂಗಳ ಮೇಲೆ ಅದೇ ರೋಗ ಹತ್ತಿ ಅವನು ನೀರಿನ ಚೊಂಬು ಕಂಡು ಕಿರುಚಿದ್ದನ್ನು ನಾನು ಬಾಗಿಲಲ್ಲಿ ನಿಂತು ನೋಡಿದ್ದೆ. ಅಂದಿನಿಂದ ಜೊಲ್ಲು ಸುರಿಸುವ ನಾಯಿಯ ಬಾಯಿಗೆ ನಾನು ಕೈ ಹಾಕಿದವನಲ್ಲ. ಪುಸ್ತಕ ಒಂದು ಹೇಳುತ್ತಿತ್ತು, ಕಣ್ಣು ಒಂದು ಹೇಳುತ್ತಿತ್ತು.

ಎದ್ದು ಷೆಡ್ಡಿಗೆ ಹೋಗಿ ಕರಿಯಾಚಾರಿಯ ಇಕ್ಕಳ ಇಳಿಸಿದೆ. ಆರ್ಥರ್ ಅಡ್ಡ ನಿಂತ.

"ನೀನು ಅವನನ್ನು ಮುಟ್ಟಬೇಡ."

"ನಾನು ಡಾಕ್ಟರು."

"ಅದು ನೀನು ಹೇಳುವ ಮಾತು."

ಮೇಬಲ್ ಮೆಟ್ಟಿಲ ಮೇಲಿಂದಲೇ ಹೇಳಿದಳು: "ಬಿಡು ಆರ್ಥರ್. ಬಂದೂಕಿಗಿಂತ ಕೆಟ್ಟದ್ದನ್ನು ಅವನೇನು ಮಾಡಿಯಾನು?"

ಚರ್ಮದ ಕೈಗವಸು ಕೇಳಿ ಹಾಕಿಕೊಂಡೆ. ಆರ್ಥರ್ ನಾಯಿಯನ್ನು ತೊಡೆಗಳ ನಡುವೆ ಒತ್ತಿ ಹಿಡಿದ. ಹಲ್ಲುಗಳ ನಡುವೆ ಒಂದು ಮರದ ತುಂಡು ಇಟ್ಟು ಬಾಯಿ ತೆರೆಸಿದೆ. ಒಳಗೆ ಬಿಸಿಲು ಬಿದ್ದಾಗ ಕಂಡಿತು: ಅಂಗುಳಿಗೆ ಅಡ್ಡಲಾಗಿ, ಈ ಕಡೆಯ ದವಡೆ ಹಲ್ಲಿನಿಂದ ಆ ಕಡೆಯ ಹಲ್ಲಿಗೆ, ತೊಲೆಯ ಹಾಗೆ ಬಿಗಿದ ಒಂದು ಮೂಳೆ. ಇಕ್ಕಳದ ಕೊಕ್ಕು ಅದರ ಸಂದಿಗೆ ಸರಿಯಾಗಿ ಇಳಿಯಿತು. ಒಂದು ಸಲ ತಿರುಚಿ ಎಳೆದೆ. ಟಕ್ಕೆಂದು ಬಂತು.

ರಸ್ಟಿ ಕೊಸರಿಕೊಂಡು ಓಡಿ, ತೊಟ್ಟಿಗೆ ಮುಖ ಹಾಕಿ ಲೊಚಲೊಚನೆ ನೀರು ಕುಡಿಯಿತು. ನಾಯಿ ನೀರು ಕುಡಿಯುವುದನ್ನು ನೋಡಿದ ಮೇಲೆಯೇ ನಾನು ಕೈಗವಸು ಬಿಚ್ಚಿದೆ. ಅಷ್ಟು ಹೊತ್ತೂ ನಾನು ಆ ಪುಸ್ತಕವನ್ನು ಪೂರ್ತಿ ನಂಬಿರಲಿಲ್ಲ.

ಆರ್ಥರ್ ನನ್ನ ಹೆಗಲ ಮೇಲೆ ಕೈಯಿಟ್ಟ. ಆಮೇಲೆ ಇಕ್ಕಳದ ತುದಿಯಲ್ಲಿದ್ದ ಮೂಳೆಯನ್ನು ತೆಗೆದು ಬಿಸಿಲಿಗೆ ಹಿಡಿದ. ಅವನ ಕತ್ತು ಇನ್ನಷ್ಟು ಕೆಂಪಾಯಿತು.

"ಬೆಂದ ಮೂಳೆ. ತಟ್ಟೆಯ ಉಳಿಕೆಯಿಂದ ಎತ್ತಿ ಹಾಕಿದ್ದು. ಇದು ಬಿಲ್‌ನ ಕೆಲಸ. ಹಿಂದೆಯೂ ಒಮ್ಮೆ ಹಾಕಿ ನನ್ನಿಂದ ಬೈಸಿಕೊಂಡಿದ್ದ." ದಡದಡ ಮೆಟ್ಟಿಲು ಹತ್ತಿ ಟೆಲಿಫೋನಿನ ಕಡೆ ನಡೆದ.

ನಾನು ಸುಮ್ಮನಿದ್ದಿದ್ದರೆ ಆ ದಿನ ಆ ಮನೆಯಲ್ಲಿ ನನಗಿಂತ ದೊಡ್ಡ ಮನುಷ್ಯ ಇರುತ್ತಿರಲಿಲ್ಲ. ವರದಿಯೂ ಹೂವಿನ ಹಾಗೆ ಬರುತ್ತಿತ್ತು. ಅವನು ನಂಬರು ಕೇಳುವುದು ಕಿವಿಗೆ ಬಿದ್ದಾಗ ಒಳಗೆ ಹೋಗಿ ಹೇಳಿದೆ: "ಬಿಲ್ ಅಲ್ಲ. ನಾನು."

ಆರ್ಥರ್ ಟೆಲಿಫೋನು ಕೆಳಗಿಟ್ಟ.

"ಮೂರು ಶನಿವಾರದಿಂದ ಹಾಕುತ್ತಿದ್ದೇನೆ," ಎಂದೆ.

"ಯಾಕೆ?"

ತಟ್ಟೆಗೆ ಸವರುವ ಕೊಬ್ಬಿನ ಮಾತು ಹೇಳಿದೆ. ನನ್ನ ಹಿಂದೆಯೇ ಬಂದಿದ್ದ ಮೇಬಲ್ ಅಡುಗೆಮನೆಗೆ ಹೋಗಿ ಎರಡು ಡಬ್ಬ ತಂದು ಮೇಜಿನ ಮೇಲಿಟ್ಟಳು. ಒಂದರ ಮೇಲೆ ಅವಳ ಅಕ್ಷರದಲ್ಲಿ ನನ್ನ ಹೆಸರಿನ ಚೀಟಿ ಅಂಟಿಸಿತ್ತು.

"ಕುರಿಯ ಕೊಬ್ಬು. ನೀನು ಬರುವ ಮೊದಲೇ ಬೇರೆಯಾಗಿ ಕಾಯಿಸಿ ಇಟ್ಟದ್ದು. ನಿನಗೆ ದನದ್ದು ಆಗುವುದಿಲ್ಲ ಎಂದು ನಿಮ್ಮ ಇಲಾಖೆಯವರು ಬರೆದಿದ್ದರು. ದೊಡ್ಡ ತಟ್ಟೆಯ ಜಿಡ್ಡು ನಿನ್ನದಕ್ಕೆ ತಾಗಬಾರದೆಂದು ಆರ್ಥರ್ ಹಳೆಯ ನೇಗಿಲು ಹುಡುಕಿ ಆ ಸಣ್ಣ ತಟ್ಟೆ ಬಿಚ್ಚಿ ತಂದ. ಕೇಳಿದ್ದರೆ ಹೇಳುತ್ತಿದ್ದೆನಲ್ಲ?"

ಬಾಯಿ ಬಿಟ್ಟ ಮೇಲೆ ಅರ್ಧಕ್ಕೆ ನಿಲ್ಲಿಸುವುದು ಬೇಡವೆನ್ನಿಸಿತು. ಆ ಸಣ್ಣ ತಟ್ಟೆಯನ್ನು ನನ್ನ ಬಣ್ಣದ ಕಾರಣಕ್ಕೆ ದೂರ ಇಟ್ಟಿದ್ದಾರೆಂದುಕೊಂಡದ್ದನ್ನೂ, ಅಂಗಡಿಯವನ ವಿಷಯವನ್ನೂ, ನಮ್ಮ ಹಿತ್ತಲಿನ ಲೋಟವನ್ನೂ ಹೇಳಿದೆ. ಮೇಬಲ್ ಸೆರಗಿಲ್ಲದ್ದಕ್ಕೆ ಏಪ್ರನ್ನಿನಿಂದ ಮುಖ ಒರೆಸಿಕೊಂಡಳು. ಆರ್ಥರ್ ಕುರ್ಚಿ ಎಳೆದು ನನ್ನ ಎದುರಿಗೆ ಕೂತ.

"ಪೇಟೆಯಲ್ಲಿ ಅಂಥವರಿದ್ದಾರೆ. ನಿನ್ನ ಅನುಮಾನ ಪೂರ್ತಿ ಸುಳ್ಳಲ್ಲ," ಎಂದ. "ನನ್ನ ಅಂಗಳದಲ್ಲಿ ಮಾತ್ರ ಸುಳ್ಳು."

ಮುಂದಿನ ಶನಿವಾರ

ನಾಲ್ಕು ದಿನ ಅವನು ನನ್ನೊಡನೆ ಕುರಿಯ ಮಾತು ಬಿಟ್ಟು ಬೇರೆ ಆಡಲಿಲ್ಲ. ಪರ್ತ್‌ಗೆ ಕಾಗದ ಹೋಯಿತೋ ಇಲ್ಲವೋ ನನಗೆ ತಿಳಿಯಲಿಲ್ಲ. ಟಪಾಲಿನ ವ್ಯಾನು ಬಂದಾಗಲೆಲ್ಲ ಅವನ ಕೈಯನ್ನೇ ನೋಡುತ್ತಿದ್ದೆ. ಪೆಟ್ಟಿಗೆಯನ್ನು ಅರ್ಧ ಕಟ್ಟಿಟ್ಟಿದ್ದೆ.

ಶನಿವಾರ ಎಂದಿನಂತೆ ಬೆಂಕಿ ಎದ್ದಿತು. ಊದುಕೊಳವೆಯಿಂದ ಎರಡು ಸಲ ಊದಿ ಆರ್ಥರ್ ಸಣ್ಣ ತಟ್ಟೆಯನ್ನು ಎತ್ತಿ ತಂದು ದೊಡ್ಡದಕ್ಕೆ ಒತ್ತಾಗಿ, ಆದರೆ ತಾಗದ ಹಾಗೆ, ಇಟ್ಟ. ಕೊಬ್ಬಿನ ಡಬ್ಬವನ್ನು ನನ್ನ ಕೈಗೇ ಕೊಟ್ಟ. ಚೀಟಿ ನೋಡಿ ನಾನೇ ಸವರಿದೆ. ಬಿಲ್ ದಂಪತಿಗಳು ಬಂದರು. ನಾಯಿಯ ಸುದ್ದಿ ಅವರಿಗಾಗಲೇ ಮುಟ್ಟಿತ್ತು. ಬಿಲ್ ಇಕ್ಕಳವನ್ನು ಕೈಯಲ್ಲಿ ಹಿಡಿದು ಮೆಚ್ಚಿಕೊಂಡು ನೋಡಿದ. ಆಮೇಲೆ ಎಲ್ಲರೂ ಕೂತಾಗ ಕೇಳಿದ:

"ಅದೆಲ್ಲ ಸರಿ ಆರ್ಥರ್. ನಿನ್ನಂಥವನ ಮನೆಯಲ್ಲಿ ನಾಯಿಗೆ ಬೆಂದ ಮೂಳೆ ಎಲ್ಲಿಂದ ಸಿಕ್ಕಿತು?"

ನಾನು ತಟ್ಟೆ ನೋಡುತ್ತ ಕೂತೆ.

ಆರ್ಥರ್ ಬೆಂಕಿಯ ಕಡೆಯಿಂದ ತಿರುಗಲಿಲ್ಲ. "ನಾಯಿ ಅಲ್ಲವೆ ಬಿಲ್," ಎಂದ. "ಎಲ್ಲೋ ಸಿಕ್ಕಿರುತ್ತದೆ."

ಅಷ್ಟು ಹೇಳಿ ಎರಡು ಚಾಪ್ಸ್ ತಂದು ನನ್ನ ತಟ್ಟೆಗೆ ಹಾಕಿದ. ಉಪ್ಪು ಕಡಿಮೆ, ಖಾರವಂತೂ ಇಲ್ಲವೇ ಇಲ್ಲ, ಒಂದು ಅಂಚು ಕರಟಿಹೋಗಿತ್ತು. ಮೂಳೆಯ ಮೇಲೆ ಎಳೆಯೂ ಉಳಿಯದ ಹಾಗೆ ತಿಂದೆ. ರಸ್ಟಿ ನನ್ನ ಕುರ್ಚಿಯ ಕೆಳಗೆ ಕೂತು, ಊಟ ಮುಗಿಯುವವರೆಗೆ ನನ್ನ ಮೊಣಕಾಲಿಗೆ ಮೂತಿ ಒತ್ತಿಕೊಂಡೇ ಇತ್ತು. ಅದಕ್ಕೆ ಏನೂ ಸಿಗಲಿಲ್ಲ.